ಖಾನಾಪುರದ ರಸಯೋಗಿ

ಖಾನಾಪುರ
12 ನವೆಂಬರ 1925

ಚಿರಂಜೀವಿ ಕಾಂತಾಳಿಗೆ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಆದರೆ ಅದರೊಳಗಿನ ವಿಷಯ ನನಗೆ ರವಿವಾರವೇ ಗೊತ್ತಿತ್ತು ಎಂದರೆ ನೀನು ನಗಬಹುದು. ನಗುವ ಮೊದಲು ಪೂರ್ತಿ ಓದು.

ಹೊಳೆಯ ಆಚೆ, ಹೆಂಚಿನ ಭಟ್ಟಿಗಳನ್ನು ದಾಟಿದರೆ ಕಾಡು ಶುರುವಾಗುತ್ತದಲ್ಲ, ಅಲ್ಲಿ ದಸರೆಯ ಹೊತ್ತಿಗೆ ಒಬ್ಬ ಯೋಗಿ ಬಂದು ಕುಟಿ ಕಟ್ಟಿಕೊಂಡಿದ್ದಾರೆ. ಜನ ರಸಯೋಗಿ ಎನ್ನುತ್ತಾರೆ. ಪಾದರಸವನ್ನು ಹದಮಾಡಿ ದೇಹವನ್ನು ಗಟ್ಟಿಮಾಡುವ ವಿದ್ಯೆ ಅವರದು. ನೋಡಿದರೆ ಐವತ್ತರ ಆಳು. ನೂರು ವರ್ಷದ ಹಿಂದೆ ಕಿತ್ತೂರಿನ ಕೋಟೆ ಬಿದ್ದಾಗಲೇ ತಮಗೆ ಎಪ್ಪತ್ತಾಗಿತ್ತು ಎನ್ನುತ್ತಾರೆ. ನಾನು ಮೂವತ್ತು ವರ್ಷ ಸಾಲಿ ಮಾಸ್ತರನಾಗಿದ್ದವನು, ಇಂಥದ್ದಕ್ಕೆ ಸುಲಭವಾಗಿ ತಲೆದೂಗುವವನಲ್ಲ. ಆದರೆ ರವಿವಾರ ಅವರು ಕಣ್ಣುಮುಚ್ಚಿ, "ನಿಮ್ಮ ಮಗಳು ಮನಿ ಬದಲ ಮಾಡ್ಯಾಳ. ಹೊಸಾ ಖೋಲಿ ಪೂರ್ವಕ್ಕ ಮುಖ ಮಾಡೈತಿ" ಎಂದರು. ಮರುದಿನ ನಿನ್ನ ಪತ್ರ ಒಡೆದರೆ ಅದೇ ಮಾತು.

ಇಪ್ಪತ್ತು ದಿನದಿಂದ ಅವರ ಮದ್ದು ತೆಗೆದುಕೊಳ್ಳುತ್ತಿದ್ದೇನೆ. ಹಸಿವಾಗುತ್ತಿದೆ. ನಿನ್ನ ಸೋದರತ್ತೆ ಪದ್ಮವ್ವನಿಗೆ ಅದೇ ಸಂತೋಷ. ಬಸದಿಯ ಉಪಾಧ್ಯೆಯವರು ಮಾತ್ರ, "ಮಾಸ್ತರ, ಆತ್ಮಕ್ಕ ಹೆಂಗೂ ಸಾವಿಲ್ಲ, ಈ ಮೈ ಇಟಗೊಂಡು ಏನ ಮಾಡಾವ್ರು?" ಎಂದು ಕೇಳಿದರು. ಅದರ ಉತ್ತರ ನಿನಗೆ ಹೇಳುತ್ತೇನೆ. ಆತ್ಮಕ್ಕೆ ಹೆಸರುಗಳು ನೆನಪಿರುವುದಿಲ್ಲ, ಕಾಂತಾ. ಮುಂದಿನ ಜನ್ಮದಲ್ಲಿ ನಾನು ನಿನ್ನ ಅಣ್ಣ ಆದಿನಾಥನನ್ನೂ ನಿನ್ನ ತಾಯಿಯನ್ನೂ ಮರೆತಿರುತ್ತೇನೆ.

ನಿನ್ನ ತಂದೆ,
ಪಾರ್ಶ್ವನಾಥ

—

ಬೆಳಗಾವಿ
20 ನವೆಂಬರ 1925

ತೀರ್ಥರೂಪ ಅಪ್ಪನವರ ಚರಣಗಳಿಗೆ ಸಾಷ್ಟಾಂಗ ನಮಸ್ಕಾರ.

ನಾನು ನಗಲಿಲ್ಲ. ಎರಡು ಸಲ ಓದಿದೆ. ಆ ಮದ್ದಿನಲ್ಲಿ ಏನೇನು ಹಾಕುತ್ತಾರೆ, ದಿನಕ್ಕೆ ಎಷ್ಟು, ಯಾವುದರಲ್ಲಿ ಕಲಸಿ ಕೊಡುತ್ತಾರೆ, ದಯವಿಟ್ಟು ಬರೆಯಿರಿ. ಪಾದರಸ ತಿನ್ನುವ ವಸ್ತುವಲ್ಲ. ನಿಮ್ಮ ಶಿಷ್ಯರಾಗಿದ್ದ ಡಾಕ್ಟರ್ ಬಾಳಾಸಾಹೇಬರು ಅಲ್ಲೇ ಪೇಟೆಯಲ್ಲಿದ್ದಾರೆ, ಒಮ್ಮೆ ಅವರಿಗೆ ತೋರಿಸಿ.

ನನ್ನ ಕೋಣೆಯ ಸಂಗತಿ ಯೋಗಿಗಳಿಗೆ ಹೇಗೆ ತಿಳಿಯಿತೋ ಕಾಣೆ. ಈ ಪತ್ರದಲ್ಲಿ ಏನಿದೆ ಎಂದು ಒಡೆಯುವ ಮೊದಲು ಕೇಳಿ ನೋಡಿ. ಅವರ ಮೇಲೆ ನನಗೆ ನಂಬಿಕೆ ಇಲ್ಲವೆಂಬುದೂ ಅವರಿಗೆ ಕಂಡರೆ ಒಳ್ಳೆಯದೇ.

ಸಾಲಿಯಲ್ಲಿ ಪರೀಕ್ಷೆಗಳಿವೆ. ಮುಗಿದ ಕೂಡಲೇ ಬರುತ್ತೇನೆ.

ನಿಮ್ಮ ಮಗಳು,
ಕಾಂತಾ

—

ಖಾನಾಪುರ
6 ಡಿಸೆಂಬರ 1925

ಚಿ. ಕಾಂತಾಳಿಗೆ ಆಶೀರ್ವಾದಗಳು.

ಈಗ ಬರಬೇಡ. ನಿಯಮ ಹಿಡಿದವನು ಹೆತ್ತ ಮಕ್ಕಳ ಮುಖ ನೋಡಬಾರದೆಂದು ಯೋಗಿಗಳ ಅಪ್ಪಣೆಯಾಗಿದೆ. ಸಂಕ್ರಾಂತಿಯ ದಿನವೇ ಈ ವರ್ಷ ಸೂರ್ಯಗ್ರಹಣ ಬಂದಿದೆ. ಆವತ್ತು ನಾನು ಅವರ ಕುಟಿಯನ್ನು ಸೇರುತ್ತೇನೆ. ಬಾಗಿಲಿಗೆ ಮಣ್ಣು ಮೆತ್ತುತ್ತಾರೆ. ನಲವತ್ತು ದಿನ ಬೆಳಕಿಲ್ಲ, ಮಾತಿಲ್ಲ, ಮದ್ದು ಮತ್ತು ಹಾಲು ಮಾತ್ರ. ಹೊರಬಂದವನಿಗೆ ಮುಪ್ಪಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಬಾಯಲ್ಲಿ ತಾಮ್ರದ ರುಚಿ ಇರುತ್ತದೆ. ಬಲಗೈ ಸ್ವಲ್ಪ ನಡುಗುತ್ತದೆ, ಅಕ್ಷರ ನೋಡಿದರೆ ನಿನಗೇ ತಿಳಿದೀತು. ನಾಡಿಗಳು ಎಚ್ಚರವಾಗುವ ಲಕ್ಷಣವಂತೆ. ಹಿಂದಿನ ಎರಡು ಹಲ್ಲು ಬಿದ್ದವು, ಹೊಸವು ಬರುತ್ತವೆ ಎಂದಿದ್ದಾರೆ.

ನಿನ್ನ ಪತ್ರದ ಮಾತನ್ನೂ ಅವರು ಮೊದಲೇ ಹೇಳಿದರು. "ನಿಮ್ಮ ಮಗಳಿಗೆ ನನ್ನ ಮ್ಯಾಲ ನಂಬಿಕಿ ಇಲ್ಲರಿ" ಎಂದು ನಕ್ಕರು. ಸಿಟ್ಟು ಮಾಡಲಿಲ್ಲ.

ಮುಖ್ಯ ಸಂಗತಿ ಬೇರೆ. ನಾನು ಕೇಳದೆಯೇ ಅವರು ಆದಿನಾಥನ ಮಾತು ತೆಗೆದರು. ದಿನಾ ಒಂದು ತಾಸು ಅವನ ಬಗ್ಗೆ ಮಾತಾಡುತ್ತೇವೆ. ಕೊನೆಗಾಲಕ್ಕೆ ಅವನು ನನ್ನನ್ನು ಕರೆದನಂತೆ. ಈ ಮನೆಯಲ್ಲಿ ಅವನ ಹೆಸರು ಎತ್ತಿದರೆ ಪದ್ಮವ್ವ ಅಳುತ್ತಾ ಒಳಗೆ ಹೋಗುತ್ತಾಳೆ. ನಿನ್ನ ಪತ್ರಗಳಲ್ಲಂತೂ ಏಳು ವರ್ಷದಿಂದ ಆ ಹೆಸರಿಲ್ಲ.

ನಿನ್ನ ತಂದೆ,
ಪಾರ್ಶ್ವನಾಥ

—

ಬೆಳಗಾವಿ
12 ಡಿಸೆಂಬರ 1925

ಡಾಕ್ಟರ್ ಬಾಳಾಸಾಹೇಬ ಅಣ್ಣನವರಿಗೆ ಕಾಂತಾಳ ನಮಸ್ಕಾರಗಳು.

ಈ ಪತ್ರ ನಿಮ್ಮ ದವಾಖಾನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಅಪ್ಪನ ಮನೆಯವರಿಗೆ ಯಾರಿಗೂ ತಿಳಿಯಬಾರದು.

ಅಪ್ಪ ರಸಯೋಗಿಯ ಕೈಗೆ ಸಿಕ್ಕಿರುವುದು ನಿಮಗೆ ಗೊತ್ತೇ ಇರಬೇಕು. ನನ್ನ ಪತ್ರದಲ್ಲಿರುವುದನ್ನು ಅವನು ಮೊದಲೇ ಹೇಳುತ್ತಾನೆ. ಇದು ದಿವ್ಯದೃಷ್ಟಿಯಲ್ಲ, ಯಾರೋ ಪತ್ರ ಒಡೆಯುತ್ತಿದ್ದಾರೆ ಎಂದು ನನ್ನ ಸಂಶಯ. ಟಪಾಲಿನ ಸಾತಪ್ಪನೇ, ಮನೆಯವರೇ, ನನಗೆ ಗೊತ್ತಿಲ್ಲ. ಹೀಗೆ ಸಂಶಯಪಡುತ್ತಾ ಹೋದರೆ ಉಳಿಯುವವರು ಯಾರು ಎಂದು ಭಯವಾಗುತ್ತದೆ. ಆದರೂ ಪಡುತ್ತಿದ್ದೇನೆ.

ಇವತ್ತೇ ಅಪ್ಪನಿಗೂ ಒಂದು ಪತ್ರ ಹಾಕಿದ್ದೇನೆ. ಸಾಲಿಯ ಮೆಟ್ಟಿಲಿನ ಮೇಲೆ ಜಾರಿ ಎಡಗೈ ಮುರಿದುಕೊಂಡೆ ಎಂದು ಬರೆದಿದ್ದೇನೆ. ಸುಳ್ಳು. ನನ್ನ ಕೈ ನೆಟ್ಟಗಿದೆ. ಈ ಸುಳ್ಳು ಗೊತ್ತಿರುವುದು ನನಗೆ, ನಿಮಗೆ. ಆ ಪತ್ರ ಖಾನಾಪುರಕ್ಕೆ ಯಾವತ್ತು ಬಂತು, ಅಪ್ಪನ ಕೈಗೆ ಯಾವತ್ತು ಹೋಯಿತು, ಯೋಗಿ ಯಾವತ್ತು ನನ್ನ ಕೈಯ ಮಾತಾಡಿದ, ಈ ಮೂರನ್ನು ತಿಳಿದುಕೊಂಡು ಬರೆಯಿರಿ. ಅವನ ಮದ್ದನ್ನೂ ಒಮ್ಮೆ ಕಣ್ಣಿಂದ ನೋಡಿ.

ಕಾಂತಾ

—

ಖಾನಾಪುರ
23 ಡಿಸೆಂಬರ 1925

ಕಾಂತಾ ಅವರಿಗೆ ಬಾಳಾಸಾಹೇಬನ ನಮಸ್ಕಾರ.

ನೀವು ಕೇಳಿದ್ದು ಇಷ್ಟು. ಪತ್ರ ಬಂದದ್ದು ಸೋಮವಾರ, 14ರಂದು. ಯೋಗಿ ಮಂಗಳವಾರ ಏಳೆಂಟು ಮಂದಿಯ ಎದುರಿಗೆ ಕಣ್ಣುಮುಚ್ಚಿ, "ಮಾಸ್ತರ ಮಗಳ ಎಡಗೈ ಮುರದೈತಿ" ಎಂದ. ಮಾಸ್ತರರ ಕೈಗೆ ಲಕೋಟೆ ಹೋದದ್ದು ಬುಧವಾರ. ಸಾತಪ್ಪನನ್ನು ಸಂಶಯಪಡಬೇಡಿ. ಅವನು ಸೋಮವಾರವೇ ಕೊಟ್ಟಿದ್ದಾನೆ. ಮಾಸ್ತರರ ಮೊಣಕಾಲು ನೋವಿನಿಂದ ಈಗ ಟಪಾಲು ತರಲು ಹೋಗುವವರು ನಿಮ್ಮ ಅತ್ತೆ ಪದ್ಮವ್ವ. ಅವರಿಗೆ ಓದಲು ಬರುವುದಿಲ್ಲವೆಂದು ನನಗೆ ಗೊತ್ತು. ಆದರೆ ಎರಡು ದಿನ ಆ ಲಕೋಟೆ ಅವರ ಹತ್ತಿರ ಇತ್ತು, ಅಥವಾ ಅವರಿಂದ ಬೇರೆಲ್ಲಿಗೋ ಹೋಗಿತ್ತು.

ಮಾಸ್ತರರ ಒಸಡು ಕಪ್ಪಗಾಗಿದೆ. ಕೈ ನಡುಗುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತದೆ. ಇದು ಪಾದರಸದ ವಿಷ, ಬೇರೆ ಮಾತಿಲ್ಲ. ಹೇಳಿದೆ. "ಬಾಳ್ಯಾ, ನೀ ನನ್ನ ಕೈಯಾಗ ಮಗ್ಗಿ ಕಲ್ತಾಂವ. ನನಗ ಕಲಸಾಕ ಬರಬ್ಯಾಡ" ಎಂದರು. ಫೌಜದಾರರಿಗೂ ಹೇಳಿ ನೋಡಿದೆ. ಸ್ವಂತ ಇಚ್ಛೆಯಿಂದ ಮದ್ದು ತಿನ್ನುವವನನ್ನು ತಾನು ಹೇಗೆ ತಡೆಯಲಿ ಎಂದರು.

ಇನ್ನೊಂದು. ಹೋದ ವರ್ಷ ಈ ಮನುಷ್ಯ ಲೋಂಡಾದಲ್ಲಿದ್ದ. ಅಲ್ಲಿ ಒಬ್ಬ ಮುದುಕನನ್ನು ಹೀಗೆಯೇ ಕುಟಿಗೆ ಸೇರಿಸಿದ್ದ. ಮೂವತ್ತೊಂದನೆಯ ದಿನ ಬಾಗಿಲು ಒಡೆದು ಹೆಣ ತೆಗೆದರಂತೆ.

ಬಾಳಾಸಾಹೇಬ

—

ಬೆಳಗಾವಿ
28 ಡಿಸೆಂಬರ 1925

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಶನಿವಾರ ನಾನು ಬಂದದ್ದು ನಿಮಗೆ ಗೊತ್ತು. ಎರಡು ತಾಸು ನಿಮ್ಮ ಕೋಣೆಯ ಹೊರಗೆ ಕುಳಿತಿದ್ದೆ. ನೀವು ಕೆಮ್ಮುವುದು ಕೇಳಿಸುತ್ತಿತ್ತು. ಪದ್ಮವ್ವತ್ತೆ ನನ್ನ ಎರಡೂ ಕೈಗಳನ್ನು ಹಿಡಿದು ನೋಡಿ ಬಿಳಿಚಿಕೊಂಡಳು. "ಮುರದಿಲ್ಲೇನ?" ಎಂದಳು. ಇಲ್ಲ ಎಂದೆ. ಮತ್ತೆ ಅವಳು ನನ್ನ ಕಡೆ ನೋಡಲಿಲ್ಲ.

ಆದ್ದರಿಂದ ಬರೆದು ತಿಳಿಸುತ್ತಿದ್ದೇನೆ. ನನ್ನ ಕೈ ಎಂದೂ ಮುರಿದಿರಲಿಲ್ಲ. ನಡೆಯದೇ ಇದ್ದದ್ದನ್ನು ನಿಮ್ಮ ಯೋಗಿ ದಿವ್ಯದೃಷ್ಟಿಯಿಂದ ಕಂಡದ್ದು ಹೇಗೆ? ಅವನು ಕಂಡದ್ದು ನನ್ನ ಪತ್ರವನ್ನು. ಅತ್ತೆಯನ್ನು ಕೇಳಿ. ಲೋಂಡಾದ ಮುದುಕನ ಸಂಗತಿ ಬಾಳಾಸಾಹೇಬರನ್ನು ಕೇಳಿ. ಗ್ರಹಣಕ್ಕೆ ಹದಿನೇಳು ದಿನ ಉಳಿದಿವೆ. ಮದ್ದು ಬಿಡಿ, ಅಪ್ಪ.

ಕಾಂತಾ

—

ಖಾನಾಪುರ
2 ಜಾನೇವಾರಿ 1926

ಕಾಂತಾ,

ನನ್ನ ಅಕ್ಷರ ಕೆಟ್ಟಿದೆ, ಸಾವಕಾಶ ಓದು.

ಪತ್ರ ಒಡೆಯುತ್ತಾರೆಂದು ನನಗೆ ಮೊದಲ ತಿಂಗಳಿಂದಲೇ ಗೊತ್ತು. ಮೂವತ್ತು ವರ್ಷ ಪರೀಕ್ಷೆಯ ಲಕೋಟೆ ಒಡೆದವನಿಗೆ ಉಗಿ ಹಿಡಿದು ಬಿಚ್ಚಿದ ಅಂಟು ತಿಳಿಯುವುದಿಲ್ಲವೇ? ಪದ್ಮವ್ವನನ್ನು ಕೇಳಿದೆ. ಅತ್ತಳು. "ಅವರು ಆಶೀರ್ವಾದ ಮಾಡಿ ಕೊಡ್ತೇನಿ ಅಂದ್ರು ಅಣ್ಣಾ. ನೀ ಉಣ್ಣಾಕ ಹತ್ತಿದ್ದಿ, ನಾ ಬ್ಯಾರೆ ಏನೂ ನೋಡಲಿಲ್ಲ" ಎಂದಳು. ಅವಳ ಮೇಲೆ ಸಿಟ್ಟಾಗಬೇಡ. ಬಾಜಾರದವರನ್ನು ನಂಬಿಸಲು ಯೋಗಿಗಳಿಗೆ ಇಂಥ ಆಟ ಬೇಕಾಗಬಹುದು ಎಂದು ನಾನು ಸುಮ್ಮನಿದ್ದೆ.

ಆದರೆ ಅವರು ಹೇಳಿದ ಒಂದು ಮಾತು ಯಾವ ಪತ್ರದಲ್ಲೂ ಇರಲಿಲ್ಲ. ಹದಿನೆಂಟರಲ್ಲಿ ಮಾನಮೋಡಿ ಜ್ವರ ಊರೂರನ್ನು ಬಡಿದ ಆ ವಾರ ನಿನ್ನ ತಾಯಿ ಇಲ್ಲಿ ಹಾಸಿಗೆ ಹಿಡಿದಿದ್ದಳು, ನನಗೆ ಬೆಳಗಾವಿಗೆ ಬರಲಾಗಲಿಲ್ಲ. ಆದಿ ಹೋದಾಗ ಅವನ ತಲೆ ನಿನ್ನ ತೊಡೆಯ ಮೇಲಿತ್ತು ಎಂದು ನೀನು ಬರೆದೆ. ಆ ಒಂದು ಸಾಲಿನ ಮೇಲೆ ನಾನು ಏಳು ವರ್ಷ ಬದುಕಿದ್ದೇನೆ. ಯೋಗಿಗಳು ಹೇಳುತ್ತಾರೆ: "ಮಾಸ್ತರ, ನಿಮ್ಮ ಮಗಾ ಒಬ್ಬನ ಸತ್ತಾನ. ತಂಗಿ ಒಳಗ ಬರಲಿಲ್ಲ."

ಇದು ಸುಳ್ಳೆಂದು ಬರೆ. ಒಂದೇ ಸಾಲು ಸಾಕು. ಆ ಪತ್ರ ಬಂದ ದಿನವೇ ಮದ್ದನ್ನು ಹೊಳೆಗೆ ಚೆಲ್ಲಿ ಬಾಳಾಸಾಹೇಬನ ಹತ್ತಿರ ಹೋಗುತ್ತೇನೆ. ನಿಜವೆಂದಾದರೆ ಅವರ ಕಣ್ಣಿಗೆ ಏನೋ ಕಾಣುತ್ತದೆ ಎಂದಾಯಿತು. ನಾನು ಕುಟಿ ಸೇರುತ್ತೇನೆ.

ಪಾರ್ಶ್ವನಾಥ

—

ಬೆಳಗಾವಿ
7 ಜಾನೇವಾರಿ 1926

ಬಾಳಾಸಾಹೇಬ ಅಣ್ಣನವರಿಗೆ,

ಅಪ್ಪನ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ಓದಿ. ಆಮೇಲೆ ನನ್ನ ಮಾತು ಕೇಳಿ.

ಯೋಗಿ ಹೇಳಿದ್ದು ನಿಜ. ಊರ ಹೊರಗೆ ತಟ್ಟಿ ಕಟ್ಟಿ ಮಾಡಿದ ತಾತ್ಕಾಲಿಕ ಆಸ್ಪತ್ರೆಯಲ್ಲಿ ನನ್ನ ಅಣ್ಣ ಆದಿ ಮೂರು ದಿನ ಇದ್ದ. ಮೂರು ದಿನವೂ ನಾನು ಗೇಟಿನ ತನಕ ಹೋದೆ. ಒಳಗೆ ಹೋಗಲಿಲ್ಲ. ಹೆದರಿದೆ. ನಾಲ್ಕನೆಯ ದಿನ ಹೋದಾಗ ಗೇಟಿನ ಪಟ್ಟಿಯಲ್ಲಿ ಅವನ ಹೆಸರು ಹೊಡೆದು ಹಾಕಿದ್ದರು. ಅಪ್ಪನಿಗೆ ಸುಳ್ಳು ಬರೆದೆ. ಈ ಸಂಗತಿ ಇಂದಿನವರೆಗೆ ಯಾರಿಗೂ ಹೇಳಿಲ್ಲ, ಬಾಯಿಂದಲೂ ಇಲ್ಲ, ಕಾಗದದಲ್ಲೂ ಇಲ್ಲ.

ಸೋಮವಾರದಿಂದ ನಾಲ್ಕು ಸಲ "ಸುಳ್ಳು" ಎಂದು ಬರೆಯಲು ಕುಳಿತೆ. ಒಂದು ಸಾಲು ಬರೆದರೆ ಅಪ್ಪ ಉಳಿಯುತ್ತಾರೆ. ಬರೆಯಲು ಹೋದಾಗೆಲ್ಲ ಇವನಿಗೆ ಹೇಗೆ ಗೊತ್ತು ಎಂಬ ಸಂಶಯ ಕೈ ಹಿಡಿಯಿತು. ಮನಸ್ಸನ್ನು ಓದುವವನಾಗಿದ್ದರೆ ನನ್ನ ಕೈ ಮುರಿದಿಲ್ಲವೆಂದೂ ಓದಬೇಕಿತ್ತು. ಓದಲಿಲ್ಲ. ಹಾಗಾದರೆ ಅವನು ಕಂಡದ್ದು ಕಣ್ಣಿಂದ. ಆವತ್ತು ಆ ಗೇಟಿನ ಒಳಗೆ ಇದ್ದವನೇ ಇರಬೇಕು.

ನಿನ್ನೆ ಶಹಾಪುರಕ್ಕೆ ಹೋಗಿ ಭೀಮಕ್ಕನನ್ನು ಹುಡುಕಿದೆ. ಆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಈಗ ಸೂಲಗಿತ್ತಿ. ಆಗ ಕೆಲಸಕ್ಕಿದ್ದ ಗಂಡಸರು ಯಾರು ಎಂದು ಕೇಳಿದೆ. "ಆರು ಮಂದಿ ಇದ್ರು, ನಾಲ್ಕ ಮಂದಿ ಜ್ವರಕ್ಕ ಹೋದ್ರು. ಒಬ್ಬ ಈಗ ಗಿರಣ್ಯಾಗ ಅದಾನ. ಇನ್ನೊಬ್ಬ ಭರಮಪ್ಪ, ಹೆಣಾ ಹೊತ್ತು ಹೊತ್ತು ತಲಿ ಕೆಟ್ಟು ಊರು ಬಿಟ್ಟ. ಬಲಗೈದು ಕಡೀ ಎರಡು ಬೆರಳ ಕೂಡಿದ್ವು ನೋಡ್ರಿ, ಹುಟ್ಟಿದಾಗಿಂದ" ಎಂದಳು.

ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದ ಅವನ ಮುಖ ನಾನು ನೋಡಿರಲಿಲ್ಲ. ಆ ಕೈ ನೋಡಿದ್ದೆ. ಮೂರು ದಿನ ಅಣ್ಣನಿಗೆ ಗಂಜಿಯ ತಂಬಿಗೆ ಕೊಟ್ಟದ್ದು ಆ ಕೈಗೇ. ಮಕ್ಕಳ ಮುಖ ನೋಡಬಾರದೆಂಬ ನಿಯಮ ಯಾಕೆ ಬಂತೆಂದು ಈಗ ತಿಳಿಯಿತು. ನಾನು ಗುರುತು ಹಿಡಿಯಬಾರದು.

ಯೋಗಿಯ ಬಲಗೈ ನೋಡಿ ತಂತಿ ಕಳಿಸಿ.

ಕಾಂತಾ

—

ತಂತಿ. ಖಾನಾಪುರ, 9 ಜಾನೇವಾರಿ 1926

ಸದಾ ಶಾಲಿನೊಳಗೆ ಇಡುತ್ತಾನೆ. ಇವತ್ತು ನೋಡಿದೆ. ಬೆರಳು ಕೂಡಿವೆ.
ಬಾಳಾಸಾಹೇಬ

—

ಬೆಳಗಾವಿ
10 ಜಾನೇವಾರಿ 1926

ಅಪ್ಪ,

ಈ ಪತ್ರವನ್ನು ಬಾಳಾಸಾಹೇಬರು ನಿಮ್ಮ ಕೈಯಲ್ಲೇ ಕೊಡುತ್ತಾರೆ.

ನೀವು ಒಂದು ಸಾಲು ಕೇಳಿದಿರಿ. ಆ ಸಾಲು ಬರೆಯಲು ನನಗೆ ಆಗುವುದಿಲ್ಲ. ನಾನು ಒಳಗೆ ಹೋಗಲಿಲ್ಲ. ಅಣ್ಣನ ತಲೆ ನನ್ನ ತೊಡೆಯ ಮೇಲಿರಲಿಲ್ಲ. ಹಾಗೆ ಬರೆದಾಗ ಅವ್ವ ಹೋಗಿ ಎರಡು ದಿನವಾಗಿತ್ತು. ನಿಮಗೆ ಏನಾದರೂ ಕೊಡಬೇಕೆನಿಸಿತು, ಕೊಡಲು ಬೇರೆ ಏನೂ ಇರಲಿಲ್ಲ. ಆಮೇಲೆ ಅವನ ಹೆಸರು ಬರೆದರೆ ನೀವು ಇನ್ನೂ ಕೇಳುತ್ತೀರಿ, ನಾನು ಇನ್ನೂ ಸುಳ್ಳು ಹೇಳಬೇಕಾಗುತ್ತದೆ ಎಂದು ಬಿಟ್ಟುಬಿಟ್ಟೆ.

ನಿಮ್ಮ ಯೋಗಿ ನಿಜ ಹೇಳಿದ್ದಾನೆ. ಆದರೆ ಅದು ಅವನಿಗೆ ತಪಸ್ಸಿನಿಂದ ತಿಳಿದದ್ದಲ್ಲ. ಅವನ ಹೆಸರು ಭರಮಪ್ಪ. ಆ ಆಸ್ಪತ್ರೆಯಲ್ಲಿ ಆಳಾಗಿದ್ದ. ಆಗ ಗೇಟಿನಲ್ಲಿ ನಾನು ಅವನಿಗೆ ಅಣ್ಣನ ಹೆಸರು, ನಮ್ಮ ಹೆಸರು ಹೇಳಿದ್ದೆ; ನನ್ನ ಪತ್ರಗಳಲ್ಲಿ ನನ್ನ ಹೆಸರು, ನಿಮ್ಮ ಹೆಸರು ಓದಿ ನಾವು ಯಾರೆಂದು ತಿಳಿದುಕೊಂಡ. ಕಿತ್ತೂರಿನ ಮಾತು ಬಿಡಿ, ಅವನು ನಿಮಗಿಂತ ಸಣ್ಣವನು.

ಇದನ್ನು ಓದಿ ನೀವು ನನ್ನ ಮುಖ ನೋಡದಿದ್ದರೂ ಸರಿ. ಆದರೆ ಆ ಕುಟಿಯ ಬಾಗಿಲಿಗೆ ಮಣ್ಣು ಮೆತ್ತಿಸಬೇಡಿ. ನಂಬಿಕೆ ಬಾರದಿದ್ದರೆ ಅವನನ್ನು ಹೆಸರು ಹಿಡಿದು ಕರೆದು ನೋಡಿ.

ಕಾಂತಾ

—

ಖಾನಾಪುರ
16 ಜಾನೇವಾರಿ 1926

ಕಾಂತಾ ಅವರಿಗೆ,

ಮಾಸ್ತರರು ಕ್ಷೇಮ. ಮೊದಲು ಅದನ್ನು ಓದಿಕೊಳ್ಳಿ.

ಪತ್ರವನ್ನು ಮಂಗಳವಾರ ಅವರ ಕೈಯಲ್ಲೇ ಕೊಟ್ಟೆ. ಓದಿ ಮಡಿಚಿಟ್ಟರು. ಗ್ರಹಣದ ದಿನ ಮುಂಜಾನೆ ಸ್ನಾನ ಮಾಡಿ ಹೊರಟೇಬಿಟ್ಟರು. ನಾನೂ ಪದ್ಮವ್ವನೂ ಹಿಂದೆ ಹೋದೆವು. ನಿಜ ಹೇಳಬೇಕೆಂದರೆ ಅವರು ಕುಟಿ ಸೇರುತ್ತಾರೆಂದೇ ನಾನು ತಿಳಿದಿದ್ದೆ. ಇಬ್ಬರು ಆಳುಗಳಿಗೆ ಬಾಗಿಲು ಒಡೆಯಲು ತಯಾರಿರಿ ಎಂದಿದ್ದೆ.

ಯೋಗಿ ಮದ್ದಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಾಸ್ತರರು ಹತ್ತಿರ ಹೋಗಿ, ಸಾಲಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, "ಭರಮಪ್ಪಾ" ಎಂದರು.

ಅವನು "ಹೂಂನ್ರಿ" ಎಂದ. ಅಂದ ಮೇಲೆ ಅವನಿಗೆ ತಿಳಿಯಿತು. ಬಟ್ಟಲು ಕೈಯಿಂದ ಬಿತ್ತು.

ಓಡಬಹುದಿತ್ತು, ಓಡಲಿಲ್ಲ, ಅಲ್ಲೇ ಕುಳಿತ. ಶಾಲು ಸರಿದಾಗ ನಾನು ಅವನ ಕೈ ಹಿಡಿದು ನೋಡಿದೆ. ಅವನ ನಡುಕ ಮಾಸ್ತರರದಕ್ಕಿಂತ ಹೆಚ್ಚು. ಬಾಯಲ್ಲಿ ನಾಲ್ಕೈದೇ ಹಲ್ಲು. ಮಾಸ್ತರರಿಗೆ ಒಂದು ಪಾಲು ಕೊಟ್ಟರೆ ತಾನು ಎರಡು ಪಾಲು ತಿನ್ನುತ್ತಿದ್ದ. "ಪತ್ರದ್ದು ಸುಳ್ಳರಿ, ಮದ್ದು ಖರೇ ಐತ್ರಿ ಡಾಕ್ಟರ. ಲೋಂಡಾದ ಅಜ್ಜಗ ಹದಾ ತಪ್ಪಿತ್ತು. ಈಗ ಹದಾ ಸಿಕ್ಕೈತಿ" ಎಂದು ಹೇಳುತ್ತಲೇ ಇದ್ದ. ನಾನು ಕಳ್ಳನನ್ನು ಹಿಡಿಯಲು ಹೋಗಿದ್ದೆ. ಸಿಕ್ಕಿದ್ದು ರೋಗಿ.

ಫೌಜದಾರರು ಅವನನ್ನು ರೈಲಿನಲ್ಲಿ ಬೆಳಗಾವಿಯ ಆಸ್ಪತ್ರೆಗೆ ಕಳಿಸಿದ್ದಾರೆ. ಹೆಚ್ಚು ದಿನ ಉಳಿಯಲಾರ. ಮಾಸ್ತರರು ನನ್ನ ಔಷಧ ತೆಗೆದುಕೊಳ್ಳುತ್ತಿದ್ದಾರೆ. ನಿಮ್ಮ ಪತ್ರದ ಬಗ್ಗೆ ಒಂದು ಮಾತೂ ಆಡಿಲ್ಲ. ನಾನೂ ಕೇಳಿಲ್ಲ.

ಬಾಳಾಸಾಹೇಬ

—

ಬೆಳಗಾವಿ
3 ಫೆಬ್ರುವರಿ 1926

ತೀರ್ಥರೂಪ ಅಪ್ಪನವರಿಗೆ,

ನಿಮ್ಮಿಂದ ಪತ್ರವಿಲ್ಲ. ನಾನೂ ಮೂರು ವಾರ ಬರೆಯಲಿಲ್ಲ. ಇದನ್ನು ಮಾತ್ರ ಬರೆಯಲೇಬೇಕು.

ಭರಮಪ್ಪ ನಿನ್ನೆ ತೀರಿಕೊಂಡ. ಅದಕ್ಕೆ ಮೊದಲು ಮೂರು ಸಲ ನಾನು ಅವನನ್ನು ನೋಡಲು ಹೋದೆ. ಈ ಸಲ ಒಳಗೆ ಹೋದೆ. ಮೊದಲೆರಡು ದಿನ ಅವನಿಗೆ ಮಾತು ಬರಲಿಲ್ಲ. ಮೂರನೆಯ ದಿನ ಗುರುತು ಹಿಡಿದ.

ಯಾಕೆ ಇದೆಲ್ಲ ಮಾಡಿದೆ ಎಂದು ಕೇಳಿದೆ. "ದಿನಾ ಹನ್ನೆರಡು, ಹದಿನೈದು ಹೆಣಾ ಹೊತ್ತೀನ್ರಿ ಬಾಯಿ. ನನಗ ಸಾವು ಬರಬಾರದು ಅನ್ನಿಸ್ತು. ಮದ್ದು ಹುಡುಕಿಕೋತ ಹೋದೆ" ಎಂದ. ಒಬ್ಬನೇ ಸಾವಿಲ್ಲದೆ ಇರಲು ಹೆದರಿಕೆಯಾಗಿ ಜೊತೆಗೊಬ್ಬರನ್ನು ಹುಡುಕಿದನಂತೆ. ಅಣ್ಣನ ಮಾತು ಬಂದರೆ ನೀವು ಎದ್ದು ಹೋಗುವುದಿಲ್ಲವೆಂದು ಅವನಿಗೆ ತಿಳಿದಿತ್ತು.

ಆಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ಕೊನೆಗೆ ಅಣ್ಣ ಏನೆಂದ?

"ನಿಮ್ಮ ಅಣ್ಣನ ಮುಖಾ ನನಗ ನೆನಪಿಲ್ಲರಿ. ಮಂದಿ ಭಾಳ ಇದ್ರು. ಮಾಸ್ತರಗ ಹೇಳಿದ್ದು ಕಟ್ಟಿ ಹೇಳೀನಿ. ಎಲ್ಲಾರೂ ಅಪ್ಪಾ ಅವ್ವಾ ಅಂತನ ಅಂತಿದ್ರು."

ನನ್ನದು ಮಾತ್ರ ಹೇಗೆ ನೆನಪಿತ್ತು ಎಂದೆ.

"ನಿಮ್ಮನ್ನ ಹೆಂಗ ಮರೀಲಿ? ಗೇಟಿನ ತನಕಾ ಯಾರೂ ಬರತಿರಲಿಲ್ಲ. ಮೂರು ದಿನಾ ಬಂದಾಕಿ ನೀವೊಬ್ಬರ. ಆ ಗಂಜಿ ಅಂವಗ ಕುಡಿಸೀನ್ರಿ. ಅದು ಖರೇ."

ಇಷ್ಟೇ, ಅಪ್ಪ. ಇದರಲ್ಲಿ ನಾನು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ. ಕೊನೆಯ ಮಾತೂ ಕಟ್ಟಿ ಹೇಳಿದ್ದೇ ಇರಬಹುದೇ ಎಂದು ದಾರಿಯುದ್ದಕ್ಕೂ ಸಂಶಯಪಡುತ್ತಾ ಬಂದೆ. ಈಗಲೂ ಪಡುತ್ತೇನೆ. ಅಣ್ಣ ಹೇಗೆ ಹೋದನೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅವನು ಹೇಗೆ ಬದುಕಿದ್ದನೆಂದು ನನಗೂ ನಿಮಗೂ ಗೊತ್ತಿದೆ. ನೀವು ಕೇಳಿದರೆ ಅದನ್ನು ಬರೆಯುತ್ತೇನೆ.

ನಿಮ್ಮ ಮಗಳು,
ಕಾಂತಾ

—

ಖಾನಾಪುರ
11 ಫೆಬ್ರುವರಿ 1926

ಕಾಂತಾ,

ಕೈ ನಿಲ್ಲುವುದಿಲ್ಲ. ಆದರೂ ಬೇರೆಯವರಿಂದ ಬರೆಸಲು ಮನಸ್ಸಾಗಲಿಲ್ಲ. ನಾಲ್ಕು ದಿನ ಹಿಡಿಯಿತು.

ಕೊನೆಯ ಮಾತು ಯಾರದೂ ಬೇಡ. ಬೆಳಗಾವಿಯಲ್ಲಿ ನೀವಿಬ್ಬರೂ ಒಂದೇ ಖೋಲಿಯಲ್ಲಿದ್ದಾಗ ಅವನು ಏನು ಅಡಿಗೆ ಮಾಡುತ್ತಿದ್ದ, ಯಾವ ಹಾಡು ಕೆಡಿಸುತ್ತಿದ್ದ, ಯಾರ ಜೊತೆ ಜಗಳ ಮಾಡಿದ, ನನಗೆ ಒಂದೂ ಗೊತ್ತಿಲ್ಲ. ಬರೆಯಬೇಡ, ಬಂದು ಹೇಳು.

ಶನಿವಾರದ ಗಾಡಿಗೆ ಬಾ. ನಾನು ಸ್ಟೇಶನ್ನಿಗೆ ಬರುತ್ತೇನೆ. ನಡೆಯುವುದು ಕಷ್ಟ, ಬಾಳಾಸಾಹೇಬ ಬೇಡವೆನ್ನುತ್ತಾನೆ. ಪದ್ಮವ್ವನ ಭುಜ ಹಿಡಿದು ಬರುತ್ತೇನೆ. ಅವಳೂ ನಿನ್ನ ಮುಖ ನೋಡಬೇಕೆನ್ನುತ್ತಿದ್ದಾಳೆ, ಆದರೆ ಒಬ್ಬಳೇ ಬರಲು ಹೆದರುತ್ತಾಳೆ.

ಅಪ್ಪ